ಕಚೇರಿ ಕಾಂಪೌಂಡಿನಾಚೆ ಮತವಿಲ್ಲದ ಊರು

ಬೆಳಿಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಪುರಸಭೆ ಚುನಾವಣೆಯ ದಿನ, ಮತದಾನ ಏಳಕ್ಕೆ ಶುರುವಾಗಿತ್ತು. ಆ ಕಡೆಯಿಂದ ಮಾತಾಡಿದವರು ಬೈಪಾಸ್ ಪಕ್ಕದ ಶಾಲೆಯ ಮತಗಟ್ಟೆ ಅಧಿಕಾರಿ, ಹೈಸ್ಕೂಲ್ ಮೇಷ್ಟ್ರು.

"ಸಾರ್, ಕೋಡಿಪಾಳ್ಯದವರು ಬಂದಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲ."

"ಒಂದಿಬ್ಬರದು ಬಿಟ್ಟುಹೋಗಿರುತ್ತೆ ಮೇಷ್ಟ್ರೇ, ಸಮಾಧಾನ ಮಾಡಿ ಕಳಿಸಿ."

"ಒಂದಿಬ್ಬರದಲ್ಲ ಸಾರ್. ಊರೇ ಇಲ್ಲ."

ಆಗ ನಾನು ತಾಲ್ಲೂಕು ಕಚೇರಿಯ ಚುನಾವಣಾ ಶಿರಸ್ತೇದಾರ. ಮತದಾರರ ಪಟ್ಟಿಯಿಂದ ಹಿಡಿದು ಬೆರಳಿಗೆ ಹಚ್ಚುವ ಶಾಯಿಯವರೆಗೆ ಎಲ್ಲ ನನ್ನ ಟೇಬಲ್ಲಿನ ಮೇಲಿಂದಲೇ ಹೋಗಬೇಕು. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆ ಕೆಲಸ ಮಾಡಿದ್ದೇನೆ. ಈ ಕಥೆ ನಾಲ್ಕರಲ್ಲಿ ಯಾವ ತಾಲ್ಲೂಕಿನದು ಎಂದು ಹೇಳುವುದಿಲ್ಲ, ಊರಿನ ಹೆಸರನ್ನೂ ಬದಲಿಸಿದ್ದೇನೆ. ಹೊಸದಾಗಿ ಕಂದಾಯ ಇಲಾಖೆಗೆ ಸೇರುವ ಹುಡುಗ ಹುಡುಗಿಯರು ಓದಲಿ ಎಂದು ಬರೆಯುತ್ತಿದ್ದೇನೆ. ನಿಮಗೆ ಬೇಕಾದದ್ದು ತಪ್ಪು ಹೇಗಾಯಿತು ಎಂಬುದು, ಎಲ್ಲಾಯಿತು ಎಂಬುದಲ್ಲ.

ಮೊದಲು ಕೋಡಿಪಾಳ್ಯ ಎಲ್ಲಿದೆ ಎಂದು ಹೇಳಿಬಿಡುತ್ತೇನೆ. ಪಶ್ಚಿಮಕ್ಕೆ ಪಟ್ಟಣ, ನಡುವೆ ಬೈಪಾಸ್ ರಸ್ತೆ. ಪೂರ್ವಕ್ಕೆ ಕೆರೆಯಿಂದ ಬರುವ ರಾಜಕಾಲುವೆ, ಅದರಾಚೆ ಗ್ರಾಮ ಪಂಚಾಯ್ತಿಯ ಹಳ್ಳಿಗಳು. ಬೈಪಾಸಿಗೂ ಕಾಲುವೆಗೂ ನಡುವಿನ ಪಟ್ಟಿಯೇ ಕೋಡಿಪಾಳ್ಯ. ಹಿಪ್ಪುನೇರಳೆ ತೋಟ, ಸೀಮೆಹಸುಗಳ ಕೊಟ್ಟಿಗೆ, ಬಾಡಿಗೆಯ ಸಾಲುಮನೆ ಎಲ್ಲ ಅಲ್ಲಿವೆ. ಅದೇ ಪಟ್ಟಿಯಲ್ಲಿ ಹೊಸ ತಾಲ್ಲೂಕು ಕಚೇರಿ ಕಟ್ಟಿದರು, ಕೋರ್ಟು ಕಟ್ಟಿದರು, ತಹಸೀಲ್ದಾರರ ವಸತಿಗೃಹವನ್ನೂ ಕಟ್ಟಿದರು. ಒಟ್ಟಿನಲ್ಲಿ ತಾಲ್ಲೂಕನ್ನು ಆಳುವ ಜಾಗ ಅದೇ. ಅಲ್ಲಿಯವರು ಎಮ್ಮೆಲ್ಲೆ, ಎಂಪಿ ಚುನಾವಣೆಗಳಲ್ಲಿ ಮತ ಹಾಕುತ್ತಿದ್ದರು, ಹೆಚ್ಚುಕಡಿಮೆ ಎಲ್ಲರ ಹತ್ತಿರವೂ ಗುರುತಿನ ಚೀಟಿ ಇತ್ತು. ಆದರೆ ಪಟ್ಟಣಕ್ಕೆ ಸೇರುತ್ತಾರೆಂದು ಪಂಚಾಯ್ತಿ ಅವರನ್ನು ಕೈಬಿಟ್ಟಿತ್ತು, ಪಟ್ಟಣದ ವಾರ್ಡುಗಳಲ್ಲಿ ಅವರು ಇರಲೇ ಇಲ್ಲ. ನೀರಿಗೆ, ಚರಂಡಿಗೆ, ದೀಪಕ್ಕೆ ಯಾರನ್ನು ಕೇಳಬೇಕೋ ಅವರನ್ನು ಆರಿಸುವ ಮತವೇ ಇಲ್ಲ.

ಅಭ್ಯರ್ಥಿಗಳೇನು ಕಡಿಮೆಯೇ, ಮೂವರೂ ಕೋಡಿಪಾಳ್ಯಕ್ಕೆ ಬಂದು ಕೈಮುಗಿದು ಹೋಗಿದ್ದರು. ಒಬ್ಬರೂ ಪಟ್ಟಿ ನೋಡಿರಲಿಲ್ಲ. ಮತದಾರರ ಚೀಟಿ ಮನೆಗೆ ಬರಲಿಲ್ಲವೆಂದು ಜನ ಹಂಚುವವನನ್ನು ಬೈದುಕೊಂಡು ಸುಮ್ಮನಿದ್ದರು.

ಫೋನು ಬಂದಾಗ ನಾನಿದ್ದದ್ದು ಕಾಲುವೆಯಾಚೆಯ ಕಾಲೇಜಿನಲ್ಲಿ, ಹೆಚ್ಚುವರಿ ಮತಯಂತ್ರಗಳ ಜೊತೆ. ಒಂದು ಯಂತ್ರವನ್ನು ಜೀಪಿಗೆ ಹಾಕಿಕೊಂಡು ಹೊರಟೆ. ಜೊತೆಗೆ ಗ್ರಾಮ ಸಹಾಯಕ ವೆಂಕಟರವಣಪ್ಪ ಬಂದ. ಇಪ್ಪತ್ತು ವರ್ಷ ನನ್ನ ಜೊತೆ ಊರೂರು ಸುತ್ತಿದವನು, ಗಾಬರಿಯಾದರೆ ತೆಲುಗಿಗೆ ಜಾರುವವನು. ಕಾಲುವೆಯ ಮೋರಿ ಹತ್ತಿರ ಬಂದಾಗ ಅವನು, "ಸಾರ್, ಚೂಡಂಡಿ," ಎಂದ. ನೋಡಿದೆ. ಮೋರಿಯ ತುಂಬ ಜನ.

ಆ ಮೋರಿಗೆ ಎಡಗಡೆ ತಡೆಗೋಡೆ ಬಿದ್ದುಹೋಗಿತ್ತು. ಜನ ಬಲಗಡೆಯಿಂದ ಜೀಪಿಗೆ ಕೈ ಹಚ್ಚಿದರು. ಡ್ರೈವರ್ ತನ್ನ ಬಾಗಿಲಿಂದ ಹಾರಿ ಓಡಿದ. ನಾನು ಎಡಗಡೆಯ ಸೀಟಿನಲ್ಲಿ ಮತಯಂತ್ರದ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದೆ.

"ಊರು ಎಲ್ಲೋಯ್ತು ಹೇಳ್ಲಾ" ಎಂದು ಯಾರೋ ಕೂಗಿದರು.

ಅದಕ್ಕೆ ನಾನು ಕೊಟ್ಟ ಉತ್ತರ ಕೇಳಿ. ಬಿ.ಎ. ಓದಿದವನು, ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಕೆಲಸ ಮಾಡಿದವನು, ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಆಡಿದ ಮಾತು: "ದಯವಿಟ್ಟು ಲಿಖಿತ ಮನವಿ ಕೊಡಿ, ಪರಿಶೀಲಿಸಲಾಗುವುದು."

ಅಷ್ಟೇ. ಜೀಪು ತೂಗಲು ಶುರುವಾಯಿತು. ಒಂದು ಸಲ, ಎರಡು ಸಲ, ಮೂರನೆಯದಕ್ಕೆ ಹಿಂದಿನ ಎಡ ಚಕ್ರ ಮೋರಿಯ ಅಂಚು ಬಿಟ್ಟಿತು. ನನ್ನ ಕಿಟಕಿಯಲ್ಲಿ ಎದುರಿನ ಹುಣಸೆಮರ ಕಾಣುತ್ತಿದ್ದುದು ಹೋಗಿ ಕಪ್ಪು ನೀರು ಕಂಡಿತು. ಹಿಂದೆ ಕೂತಿದ್ದ ವೆಂಕಟರವಣಪ್ಪ ನನ್ನ ಶರಟಿನ ಕಾಲರ್ ಹಿಡಿದುಕೊಂಡಿದ್ದ. ನನ್ನನ್ನು ಉಳಿಸಲು ಹಿಡಿದನೋ, ತಾನು ಉಳಿಯಲು ಹಿಡಿದನೋ, ಇವತ್ತಿಗೂ ಇಬ್ಬರಿಗೂ ಗೊತ್ತಿಲ್ಲ.

ಆಗ ಒಂದು ಹೆಂಗಸಿನ ದನಿ ಬಂತು. "ಬಿಡ್ರೋ. ಇವನು ಕಾಲುವೇಲಿ ಬಿದ್ದು ಸತ್ರೆ ನಮ್ಮೆಸ್ರು ಬರ್ಕೊಳ್ಳೋನ್ಯಾರ್ಲಾ? ಎಳೀರಿ ಮ್ಯಾಕೆ."

ಅದು ಲಕ್ಷ್ಮೀದೇವಮ್ಮ, ಕೋಡಿಪಾಳ್ಯದ ಹಾಲಿನ ಡೈರಿಯ ಕಾರ್ಯದರ್ಶಿ. ದಿನಕ್ಕೆ ಎರಡು ಸಲ ಊರಿನ ಹಾಲನ್ನೆಲ್ಲ ಅಳೆಯುವ ಕೈ. ತೂಗುತ್ತಿದ್ದವರೇ ಎಳೆದರು. ಜೀಪು ಧಡ್ ಎಂದು ನೆಲಕ್ಕೆ ಬಂತು. ಆಕೆ ಬಾಗಿಲು ತೆಗೆದು ನನ್ನನ್ನು ನೋಡಿದಳು.

"ಇಳಿ ಸಾಮಿ. ಅದ್ನ ಕೆಳಗಿಡು. ಬಾಣಂತಿ ಮಗೂನ ಇಟ್ಕೊಂಡಂಗೆ ಇಟ್ಕೊಂಡಿದ್ದೀಯ."

ಜನ ನಕ್ಕರು. ನಾನು ಪೆಟ್ಟಿಗೆ ಕೆಳಗಿಟ್ಟು ಇಳಿದೆ. ಪೊಲೀಸರು ಬಂದರು, ತಹಸೀಲ್ದಾರ್ ಮೇಡಂ ಬಂದರು. ಮಧ್ಯಾಹ್ನದ ಹೊತ್ತಿಗೆ ಜಿಲ್ಲಾಧಿಕಾರಿಗಳ ಆದೇಶವಾಗಿ ಆ ಒಂದು ವಾರ್ಡಿನ ಮತದಾನ ಮುಂದಕ್ಕೆ ಹೋಯಿತು. ಯಾರ ಮೇಲೂ ಕೇಸು ಬೇಡವೆಂದು ನಾನೇ ಕೇಳಿಕೊಂಡೆ. ನನ್ನ ದೊಡ್ಡತನವೆಂದು ಎಲ್ಲರೂ ಹೊಗಳಿದರು. ದೊಡ್ಡತನವೇನಲ್ಲ. ಜೀಪಿನಲ್ಲಿ ತಲೆ ಕೆಳಗಾಗುತ್ತಿದ್ದಾಗಲೇ ನನಗೆ ಒಂದು ಅನುಮಾನ ಹುಟ್ಟಿತ್ತು.

ಅನುಮಾನ ಏನೆಂದು ಹೇಳಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ, ಶ್ರೀನಿವಾಸಪುರಕ್ಕೆ ಹೋಗಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಮನೆಮನೆ ಪಟ್ಟಿ ಮಾಡಲು ಹಾಕಿದ್ದರು. ಆಗ ಕಂಪ್ಯೂಟರ್ ಇಲ್ಲ, ಕೈಬರಹ, ಕೆಳಗೆ ಕಾರ್ಬನ್ ಹಾಳೆ. ಬೇಸಿಗೆ. ಒಂದು ಹಳ್ಳಿಯಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ. ನಾನು ಖುಷಿಯಾಗಿ ‘ಊರು ಬಿಟ್ಟಿದ್ದಾರೆ’ ಎಂದು ಬರೆದು ಮೂರು ಗಂಟೆಗೇ ಕಚೇರಿಗೆ ವಾಪಸಾದೆ. ರೆವಿನ್ಯೂ ಇನ್‌ಸ್ಪೆಕ್ಟರ್ ಬಷೀರ್ ಸಾಹೇಬರು ಪಟ್ಟಿ ನೋಡಿ ಕನ್ನಡಕ ತೆಗೆದರು.

"ಯಾವ ತಿಂಗಳಪ್ಪಾ ಇದು?"

"ಮೇ, ಸಾರ್."

"ಶ್ರೀನಿವಾಸಪುರದಾಗೆ ಮೇ ತಿಂಗಳು ಜನ ಮನೇಲಿರ್ತಾರೇನಯ್ಯಾ? ಮಾವಿನ ತೋಪಲ್ಲಿರ್ತಾರೆ. ಹೋಗು, ಮರದ ಕೆಳಗೆ ಹೋಗಿ ಬರ್ಕೊಂಡು ಬಾ."

ಮಾರನೆಯ ದಿನ ಅವರೂ ಬಂದರು. ಕಾಯಿ ಕಾಯಲು ಹಾಕಿದ ಸೋಗೆ ಗುಡಿಸಲುಗಳಲ್ಲಿ ಅಡುಗೆ, ಮಕ್ಕಳು, ಕೋಳಿ ಎಲ್ಲ ಸಂಸಾರವೂ ಇತ್ತು. ಮರದಿಂದ ಮರಕ್ಕೆ ನಡೆದು ಹೆಸರು ಬರೆದೆವು. ಸಂಜೆಗೆ ನನ್ನ ಪಟ್ಟಿಯ ಮೇಲೆಲ್ಲ ಹಣ್ಣಿನ ರಸ. ಸಾಹೇಬರು ಅದನ್ನೇ ಹಾಗೇ ತಾಲ್ಲೂಕು ಕಚೇರಿಗೆ ಕಳಿಸಿದರು, "ನಡೆದ ಗುರುತು ಇರ್ಲಿ ಬಿಡು," ಎಂದು. ಅವರಿಂದ ಕಲಿತದ್ದು ಅದೊಂದೇ: ಪಟ್ಟಿ ಬರೆಯುವವನು ನಡೆಯಬೇಕು.

ಕಲಿತೆ, ಬಹಳ ವರ್ಷ ಹಾಗೇ ಮಾಡಿದೆ. ಆಮೇಲೆ ಕುರ್ಚಿ ದೊಡ್ಡದಾಯಿತು.

ಮತದಾನ ನಿಂತ ಮಾರನೆಯ ದಿನ ಬಾಗಿಲು ಹಾಕಿಕೊಂಡು ವಾರ್ಡುಗಳ ಕಡತ ತೆಗೆದೆ. ಪ್ರತಿ ವಾರ್ಡಿಗೂ ಚಕ್ಕುಬಂದಿ ಬರೆಯಬೇಕು, ಅಂದರೆ ನಾಲ್ಕು ದಿಕ್ಕಿನ ಗಡಿ. ಸರ್ಕಾರದ ಆದೇಶದಲ್ಲಿ ರಾಜಕಾಲುವೆಯವರೆಗೂ ಪಟ್ಟಣಕ್ಕೆ ಸೇರಿಸಿ ಎಂದು ಸ್ಪಷ್ಟವಾಗಿತ್ತು. ಪಂಚಾಯ್ತಿಯ ಕರಡಿನಲ್ಲಿ ಪಶ್ಚಿಮಕ್ಕೆ ರಾಜಕಾಲುವೆ ಎಂದಿತ್ತು, ಸರಿಯಾಗಿತ್ತು. ಪುರಸಭೆಯ ಕರಡಿನಲ್ಲಿ ಪೂರ್ವಕ್ಕೂ ಕಾಲುವೆಯೇ ಇರಬೇಕಿತ್ತು. ಅಲ್ಲಿ ಬೈಪಾಸ್ ರಸ್ತೆ ಎಂದಿತ್ತು. ಹಳೆಯ ಕಡತದಿಂದ ನೋಡಿ ಇಳಿಸಿದ್ದು. ಅಕ್ಷರ ನನ್ನದು.

ಆ ಗಡಿ ಬರೆದ ದಿನ ವೆಂಕಟರವಣಪ್ಪ ಕೇಳಿದ್ದ, "ಸಾರ್, ಒಂದ್ಸಲ ನಡ್ಕೊಂಡು ಹೋಗಿ ಬಂದುಬಿಡೋಣ್ವಾ?" ನಾನು, "ಫೈಲಲ್ಲಿ ಇದೆಯಲ್ಲೋ, ಬಿಸಿಲಲ್ಲಿ ಯಾಕೆ," ಎಂದಿದ್ದೆ. ತಮಾಷೆ ಏನೆಂದರೆ ನಡೆಯಬೇಕಾಗಿದ್ದ ಜಾಗ ನನ್ನ ಕಿಟಕಿಯಿಂದಲೇ ಕಾಣುತ್ತಿತ್ತು. ಆ ಗಡಿಯ ಪ್ರಕಾರ ನನ್ನ ಕುರ್ಚಿಯೂ ಯಾವ ವಾರ್ಡಿಗೂ ಸೇರಿರಲಿಲ್ಲ.

ಕಡತ ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ. ಹೊರಗೆ ಎಲ್ಲರೂ ಇದು ಆ ಪಕ್ಷದವರ ಪಿತೂರಿ, ಈ ಪಕ್ಷದವರ ಪಿತೂರಿ ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆದರೆ ಮಲಗಿದರೆ ಸಾಕು, ಮಂಚ ಎಡಗಡೆಗೆ ವಾಲಿ ಕಪ್ಪು ನೀರು ಕಾಣುತ್ತಿತ್ತು. ನನ್ನ ಹೆಂಡತಿ ಸರೋಜ ನಾಲ್ಕು ದಿನ ನೋಡಿದಳು, ಐದನೆಯ ದಿನ ಮಂಚವನ್ನು ಗೋಡೆಗೆ ಒತ್ತಿ ನನ್ನನ್ನು ಗೋಡೆಯ ಕಡೆಗೆ ಹಾಕಿದಳು. "ಈಗ ಬೀಳೋಕೆ ಜಾಗ ಇಲ್ಲ, ಮಲಕ್ಕೊಳ್ರೀ," ಎಂದಳು. ಆದರೂ ನಿದ್ದೆ ಬರಲಿಲ್ಲ.

ಇತ್ತ ಕೋಡಿಪಾಳ್ಯದಲ್ಲಿ ದೊಡ್ಡ ಚರ್ಚೆ ಎದ್ದಿತ್ತು. ಯಾವುದಕ್ಕೆ ಸೇರುತ್ತೀರಿ ಎಂದು ಮೇಲಿನಿಂದ ಊರಿನ ಅಭಿಪ್ರಾಯ ಕೇಳಿದ್ದರು. ಡೈರಿಯ ಶೀಟಿನ ಕೆಳಗೆ ಸಭೆ ಸೇರಿತು, ಕಚೇರಿಯ ಪರವಾಗಿ ಕೇಳಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ಮೋರಿ ದಾಟುವ ದಾರಿ ಬಿಟ್ಟು ಸುತ್ತು ಹಾಕಿ ಹೋದೆ.

ಹಿಪ್ಪುನೇರಳೆ ಬೆಳೆಯುವ ಚೌಡಪ್ಪ ಎದ್ದು ನಿಂತ. "ನಮಗೆ ನಮ್ದೇ ಪಂಚಾಯ್ತಿ ಬೇಕು. ತಾಲ್ಲೂಕು ಕಚೇರಿ ನಮ್ಮ ನೆಲದಾಗೈತೆ, ಕೋರ್ಟು ನಮ್ಮ ನೆಲದಾಗೈತೆ. ನಮ್ದೇ ಪಂಚಾಯ್ತಿ ಆದ್ರೆ ತಹಸೀಲ್ದಾರ್ರು ಗೋಡೆಗೆ ಮೊಳೆ ಹೊಡೀಬೇಕಾದ್ರೂ ನಮ್ಮನ್ನ ಕೇಳ್ಬೇಕು."

"ನಿನ್ನ ಪಂಚಾಯ್ತಿಗೆ ಜನ ಎಲ್ಲವ್ರಲಾ?" ಎಂದ ಕೃಷ್ಣಪ್ಪ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. "ನಿಮ್ಮಾವನ ಮನೇರನ್ನ, ನಿನ್ನ ಎರಡು ಎಮ್ಮೇನ ಸೇರ್ಸಿದ್ರೂ ಲೆಕ್ಕ ತುಂಬಲ್ಲ. ಹಳೇ ಪಂಚಾಯ್ತಿಗೇ ವಾಪಸ್ ಹೋಗೋಣ. ಅಲ್ಲಾದ್ರೆ ಮೆಂಬರ್ರು ನಮ್ಮನ್ನ ಹೆಸರಿಡ್ದು ಕರೀತಾರೆ."

"ಕರ್ದು ಏನು ಕೊಟ್ರು?" ಎಂದಳು ಲಕ್ಷ್ಮೀದೇವಮ್ಮ. "ಹತ್ತು ವರ್ಷದಿಂದ ಒಂದು ದೀಪದ ಕಂಬ ಕೇಳಿದ್ವಿ. ಪಟ್ಟಣದಾಗೆ ವಾರ್ಡು ಬೇಕು ಅಂತೀನಿ ನಾನು. ಕಂದಾಯ ಕೇಳೋಕೆ ಇಬ್ರೂ ಬರ್ತಾರೆ, ಕಂಬ ಹಾಕೋಕೆ ಒಬ್ರಾದ್ರೂ ಇರ್ಲಿ."

ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಕೊನೆಗೆ ಆಕೆಯೇ ಹೇಳಿದಳು, "ವೋಟು ಹಾಕೋಣ. ನಮಗೆ ವೋಟಿಲ್ಲ ಅಂತ ಬೇಜಾರಲ್ವಾ, ಇಲ್ಲೇ ಹಾಕೋಣ. ಶಿರಸ್ತೇದಾರ್ರೇ, ಭಾನುವಾರ ಬನ್ನಿ. ಚುನಾವಣೆ ನಡ್ಸೋದು ನಿಮಗೆ ಚೆನ್ನಾಗ್ ಗೊತ್ತಲ್ಲ."

ಚೌಡಪ್ಪ ಮೆಲ್ಲಗೆ, "ಲಿಖಿತ ಮನವಿ ಕೊಡ್ಬೇಕಾ ಸಾರ್?" ಎಂದ. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಭಾನುವಾರ ಬೆಳಗಿನ ಹಾಲಿನ ಹೊತ್ತಿಗೇ ಹೋದೆ. ಆಕೆ ಮಾಡಿದ ಏರ್ಪಾಡು ಮೆಚ್ಚುವಂಥದ್ದು. ಸೀರೆಯ ಮರೆ ಕಟ್ಟಿ ಹಿಂದೆ ಮೂರು ಹಾಲಿನ ಕ್ಯಾನು ಇಟ್ಟಿದ್ದಳು. ನಮ್ಮದೇ ಪಂಚಾಯ್ತಿಗೆ ಹಿಪ್ಪುನೇರಳೆ ಎಲೆ ಅಂಟಿಸಿದ ಕ್ಯಾನು, ಹಳೇ ಪಂಚಾಯ್ತಿಗೆ ಬಸ್ ಟಿಕೆಟ್ ಅಂಟಿಸಿದ್ದು, ಪಟ್ಟಣದ ವಾರ್ಡಿಗೆ ಸುಟ್ಟುಹೋದ ಬಲ್ಬು ಕಟ್ಟಿದ್ದು. ಹಾಲು ಹಾಕಿದವರ ಹೆಸರಿಗೆ ಡೈರಿ ಪುಸ್ತಕದಲ್ಲಿ ಗುರುತು ಹಾಕಿ, ಮನೆಯಲ್ಲಿ ಹದಿನೆಂಟು ತುಂಬಿದ ತಲೆಗೊಂದು ಅವರೆಕಾಳು. ಕಾಳು ಕ್ಯಾನಿಗೆ ಬಿದ್ದ ಸದ್ದು ಹೊರಗೆ ಕೇಳುತ್ತಿತ್ತು, ಯಾವ ಕ್ಯಾನಿಗೆಂದು ತಿಳಿಯುತ್ತಿರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತು ಸಂತೋಷದಿಂದ ನೋಡುತ್ತಿದ್ದೆ. ಎಂಟು ಗಂಟೆ ಹೊತ್ತಿಗೆ ಒಬ್ಬ ಹೆಂಗಸು ಬಂದು ಸಾಲಿನ ಪಕ್ಕದಲ್ಲಿ ನಿಂತಳು. ಸಾಲುಮನೆಯ ಯಲ್ಲಮ್ಮ, ಹೂವಿನ ತೋಟದಲ್ಲಿ ಕೂಲಿ ಮಾಡುವವಳು.

"ಅಕ್ಕಾ, ನಂಗೆ ಕಾಳಿಲ್ವಾ?"

ಲಕ್ಷ್ಮೀದೇವಮ್ಮ ಪುಸ್ತಕ ತಿರುವಿದಳು. "ನಿನ್ನೆಸ್ರು ಇದ್ರಾಗಿಲ್ವಲ್ಲೇ ಯಲ್ಲಮ್ಮ. ನಿಂಗೆ ಹಸ ಇಲ್ವಲ್ಲ."

"ಹಸ ಇಲ್ಲ. ನಾನಿದ್ದೀನಲ್ಲ."

ಲಕ್ಷ್ಮೀದೇವಮ್ಮ ಪುಸ್ತಕವನ್ನೂ ಯಲ್ಲಮ್ಮನನ್ನೂ ಒಂದೊಂದು ಸಲ ನೋಡಿದಳು. ಹಿಂದೆ ಸಾಲುಮನೆಗಳ ಕಡೆ ತಿರುಗಿದಳು. ಹಸುವಿಲ್ಲದ ಮನೆ ಅದೊಂದೇ ಆಗಿರಲಿಲ್ಲ.

ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಸ್ಟೂಲಿನಿಂದ ಎದ್ದು ಹೇಳಿಬಿಟ್ಟೆ. "ಲಕ್ಷ್ಮೀದೇವಮ್ಮೋರೇ, ನೀವು ಪುಸ್ತಕ ನೋಡಿ ಯಲ್ಲಮ್ಮನ್ನ ಬಿಟ್ರಿ. ನಾನು ಫೈಲು ನೋಡಿ ನಿಮ್ಮೂರನ್ನೇ ಬಿಟ್ಟೆ. ಯಾವ ಪಿತೂರೀನೂ ಇಲ್ಲ. ಆ ಗಡಿ ಬರೆದೋನು ನಾನೇ."

ಸಾಲಿನಲ್ಲಿದ್ದ ಅರ್ಧ ಜನ ಅವತ್ತು ಜೀಪಿಗೆ ಕೈ ಹಚ್ಚಿದವರೇ. ನಾನು ಕಣ್ಣಲ್ಲೇ ಓಡುವ ದಾರಿ ಹುಡುಕಿದೆ ಎಂದರೆ ಸುಳ್ಳಲ್ಲ.

"ಅವತ್ತೇ ಗೊತ್ತಿದ್ದಿದ್ರೆ," ಎಂದಳು ಲಕ್ಷ್ಮೀದೇವಮ್ಮ ನಿಧಾನವಾಗಿ, "ಎಳೀರಿ ಅಂತಿರ್ಲಿಲ್ಲ ನಾನು."

"ಈಗ್ಲೂ ಕಾಲುವೆ ಅಲ್ಲೇ ಐತೆ ಕಣಕ್ಕೋ," ಎಂದ ಚೌಡಪ್ಪ.

"ನೀ ಸುಮ್ಕಿರು. ನಾನೇನು ಕಡ್ಮೆ ಮಾಡಿದ್ನಾ ಇವಾಗ?" ಪುಸ್ತಕ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡಳು. "ನಡೀರಿ ಸಾರ್. ಮೊದಲ್ನೇ ಮನೆಯಿಂದ ಹೋಗೋಣ. ಕಾಳಿನ ಡಬ್ಬಿ ತಗೊಳ್ಳೇ ಯಲ್ಲಮ್ಮ."

ಆ ಭಾನುವಾರ ಮತ್ತು ಮುಂದಿನ ಭಾನುವಾರ ಮನೆಮನೆಗೆ ನಡೆದೆವು. ನಾನು ಬರೆದೆ, ಯಲ್ಲಮ್ಮ ಕಾಳು ಕೊಟ್ಟಳು, ಲಕ್ಷ್ಮೀದೇವಮ್ಮ ಬಾಗಿಲು ಬಡಿದಳು. ವೆಂಕಟರವಣಪ್ಪ ಹಿಂದೆ ಬರುತ್ತಾ ದಾರಿಯುದ್ದಕ್ಕೂ, "ನಾನು ಮೊದ್ಲೇ ಹೇಳಿದ್ದೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತಾಲ್ಲೂಕು ಕಚೇರಿಯ ಹಿಂದಿನ ಗೋಡೆಗೆ ತಾಗಿದಂತೆ ಆರು ಮನೆಗಳಿದ್ದವು. ಅಲ್ಲಿದ್ದವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ವಿಧಾನಸಭೆಯದರಲ್ಲೂ ಇಲ್ಲ. ಏಳು ವರ್ಷ ಆ ಗೋಡೆಯ ಈಚೆ ಕೂತು ನಾನು ತಾಲ್ಲೂಕಿಗೆಲ್ಲ ಪಟ್ಟಿ ಮಾಡಿದ್ದೆ.

ಎರಡನೆಯ ಭಾನುವಾರ ಸಂಜೆ ಕ್ಯಾನುಗಳನ್ನು ಬೋರಲು ಹಾಕಿ ಎಣಿಸಿದೆವು. ಬಲ್ಬಿನ ಕ್ಯಾನು ಗೆದ್ದಿತು. ಎಲೆಯ ಕ್ಯಾನಿನಲ್ಲೂ ಕಾಳು ಕಡಿಮೆಯಿರಲಿಲ್ಲ, ಚೌಡಪ್ಪ ಎದೆಯುಬ್ಬಿಸಿಕೊಂಡೇ ಸೋತ. ಟಿಕೆಟ್ಟಿನ ಕ್ಯಾನಿನ ತಳದಲ್ಲಿ ಕೈಬೆರಳೆಣಿಕೆಯಷ್ಟು ಕಾಳು. "ನನ್ನ ಹೆಂಡ್ತೀನೂ ಹಾಕಿಲ್ಲ ಕಣ್ರಪ್ಪ," ಎಂದು ಕೃಷ್ಣಪ್ಪ ಕ್ಯಾನಿನೊಳಗೆ ಇಣುಕಿ ನೋಡಿದ. ಎಣಿಸಿದ ಕಾಳನ್ನು ತೊಳೆದು ಅಲ್ಲೇ ಸಾರು ಮಾಡಿ ಮುದ್ದೆ ಜೊತೆ ಉಂಡೆವು. ಮೂರು ಕ್ಯಾನಿನ ಕಾಳೂ ಒಂದೇ ಪಾತ್ರೆಯಲ್ಲಿ ಬೆಂದವು.

ಸೋಮವಾರ ಊರಿನ ಅಭಿಪ್ರಾಯ, ಹೊಸ ಪಟ್ಟಿ, ಅದರ ಜೊತೆಗೆ ನನ್ನ ಹೇಳಿಕೆ ಮೂರನ್ನೂ ತಹಸೀಲ್ದಾರ್ ಮೇಡಂ ಮುಂದಿಟ್ಟೆ. ನನ್ನ ಮಗಳ ವಯಸ್ಸಿನವರು. ಹೇಳಿಕೆಯನ್ನು ಎರಡು ಸಲ ಓದಿದರು.

"ನಿವೃತ್ತಿಗೆ ಎಷ್ಟು ತಿಂಗಳಿದೆ ನಿಮಗೆ?"

"ಎಂಟು, ಮೇಡಂ."

"ಇದನ್ನ ಬರೆಯದೇ ಇದ್ದಿದ್ರೂ ಗಡಿ ತಿದ್ದಬಹುದಿತ್ತು. ಬೆರಳಚ್ಚಿನ ತಪ್ಪು ಅಂತ ಹಾಕಿ."

"ಆಗ ಅದು ಟೈಪ್ ಮಾಡಿದ ಹುಡುಗಿ ತಲೆ ಮೇಲೆ ಹೋಗುತ್ತೆ, ಮೇಡಂ. ಅವಳು ನಾನು ಬರೆದದ್ದನ್ನೇ ಸರಿಯಾಗಿ ಟೈಪ್ ಮಾಡಿದ್ದಾಳೆ."

ಅವರು ಕಿಟಕಿಯಾಚೆ ನೋಡಿದರು. "ಹಾಗಾದ್ರೆ ನನ್ನ ಕ್ವಾರ್ಟರ್ಸೂ ಯಾವ ವಾರ್ಡಲ್ಲೂ ಇಲ್ಲ ಅಂದಂಗಾಯ್ತು. ಅದಕ್ಕೇ ನಲ್ಲೀಲಿ ನೀರು ಬರ್ತಿಲ್ಲ," ಎಂದು ಸಹಿ ಹಾಕಿದರು. ನನಗೆ ನೋಟಿಸು ಬಂತು, ವಿಚಾರಣೆಯಾಯಿತು, ಒಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿದರು. ಅದು ನ್ಯಾಯವಾಗಿಯೇ ಇತ್ತು.

ಆದರೆ ಗಡಿ ತಿದ್ದುವ ಕೆಲಸ ಮೇಲಿಂದ ಮೇಲಕ್ಕೆ ಹೋಗಿ ನಿಂತಿತು. ಒಂದೊಂದು ಮೇಜಿನ ಹತ್ತಿರವೂ ಯಾರಾದರೊಬ್ಬರು ಕೋಡಿಪಾಳ್ಯ ಎಲ್ಲಿದೆ ಎಂದು ಕೇಳಬೇಕು, ಯಾರಾದರೊಬ್ಬರು ಹೇಳಬೇಕು. ನನ್ನ ಬೀಳ್ಕೊಡುಗೆ ಬಂತು, ಹಾರ ಹಾಕಿದರು, ಶಾಲು ಹೊದಿಸಿದರು. ಅಧಿಸೂಚನೆ ಮಾತ್ರ ಬಂದಿರಲಿಲ್ಲ. ನಿವೃತ್ತನಾದ ಮೇಲೂ ವಾರಕ್ಕೆರಡು ಸಲ ಕಚೇರಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ನನ್ನ ಜಾಗಕ್ಕೆ ಬಂದವರು ನನ್ನನ್ನು ಕಂಡರೆ ಹಿಂಬಾಗಿಲಿಂದ ಊಟಕ್ಕೆ ಹೋಗುತ್ತಿದ್ದರು. ರಾತ್ರಿಗಳು ಹಾಗೇ ಇದ್ದವು. ಸರೋಜಳಿಗೆ ಅಭ್ಯಾಸವಾಗಿಹೋಗಿತ್ತು, ನಾನು ಕೂಗಿದರೆ ಕಣ್ಣು ಬಿಡದೆಯೇ ಬೆನ್ನು ತಟ್ಟುತ್ತಿದ್ದಳು.

ಒಂದು ದಿನ ಬೆಂಚಿನ ಹತ್ತಿರಕ್ಕೆ ಮೇಡಂ ಅವರೇ ಕಾಗದ ಹಿಡಿದು ಬಂದರು. ಪೂರ್ವಕ್ಕೆ ರಾಜಕಾಲುವೆ. ನಾನು ಆ ಎರಡು ಪದವನ್ನು ಎಷ್ಟು ಸಲ ಓದಿದೆನೋ. ಗಡಿ ಬದಲಾದ್ದರಿಂದ ಆ ವಾರ್ಡಿಗೆ ಹೊಸದಾಗಿ ನಾಮಪತ್ರ ಕರೆದರು, ಮುಂದೂಡಿದ ಮತದಾನಕ್ಕೆ ದಿನ ಗೊತ್ತಾಯಿತು. ಹೊಸ ಸಿಬ್ಬಂದಿ ಕೈಯಲ್ಲಿ ಫೋನು ಹಿಡಿದು, ನಕ್ಷೆಯ ಮೇಲೆ ಚುಕ್ಕಿ ನೋಡುತ್ತಾ ಮನೆಗಳನ್ನು ಗುರುತಿಸಿದರು. ಒಳ್ಳೆಯ ವಿಧಾನ. ಚುಕ್ಕಿಯ ಹತ್ತಿರ ಹೋಗಿ ಬಾಗಿಲು ಬಡಿಯಿರಿ ಎಂದಷ್ಟೇ ಅವರಿಗೆ ಹೇಳಿದೆ. ಬಡಿದರು.

ಮತದಾನದ ದಿನ ನಾನು ಯಾವ ಅಧಿಕಾರವೂ ಇಲ್ಲದ ಮುದುಕ. ಶಾಲೆಯಿಂದ ನೂರು ಮೀಟರ್ ಗೆರೆಯಾಚೆ ಟೀ ಅಂಗಡಿಯಲ್ಲಿ ಕೂತಿದ್ದೆ. ಲಕ್ಷ್ಮೀದೇವಮ್ಮ ಪಕ್ಷೇತರಳಾಗಿ ನಿಂತಿದ್ದಳು. ಕೋಡಿಪಾಳ್ಯದ ಸಾಲು ಬೈಪಾಸಿನವರೆಗೂ ಬಂದಿತ್ತು. ಯಲ್ಲಮ್ಮ ಹೊರಗೆ ಬಂದವಳೇ ನೇರ ನನ್ನ ಹತ್ತಿರ ಬಂದು ಬೆರಳು ತೋರಿಸಿದಳು.

"ಒಳಗೆ ಏನಂದ್ರು?" ಎಂದೆ.

"ಗಟ್ಟಿಯಾಗಿ ನನ್ನೆಸ್ರು ಓದಿದ್ರು ಸಾರ್. ನಮ್ಮಪ್ಪನ ಹೆಸ್ರು ಸಮೇತ. ಕೂತಿದ್ದ ಏಜೆಂಟ್ರು ಎಲ್ಲಾ ನನ್ನ ಮುಖ ನೋಡಿದ್ರು."

ಎಣಿಕೆಯಲ್ಲಿ ಲಕ್ಷ್ಮೀದೇವಮ್ಮ ಸೋತಳು. ಬೈಪಾಸಿನ ಆಚೆಯ ಮತಗಳು ಜಾಸ್ತಿ ಇದ್ದವು. ಗೆದ್ದವನು ಮೆರವಣಿಗೆ ಬಿಟ್ಟು ಮೊದಲು ಕೋಡಿಪಾಳ್ಯಕ್ಕೇ ಓಡಿ ಬಂದ. ಮುಂದಿನ ಸಲ ಇವರನ್ನು ಬಿಟ್ಟು ಗೆಲ್ಲಲಾಗದು ಎಂದು ಅವನಿಗೆ ಲೆಕ್ಕ ಗೊತ್ತಾಗಿತ್ತು. ಅವಳು ಡೈರಿಯಲ್ಲಿ ಹಾಲು ಅಳೆಯುತ್ತಲೇ, "ಹಾರ ಆಮೇಲೆ ಹಾಕ್ಸ್ಕೋ. ಕಂಬ ಎಲ್ಲಿ ಬರ್ಬೇಕು ಬಾ, ತೋರಿಸ್ತೀನಿ," ಎಂದು ಅವನನ್ನು ಕರೆದುಕೊಂಡು ಹೊರಟಳು. ಅವನು ಹೊಸ ಪಂಚೆ ಎತ್ತಿಕಟ್ಟಿಕೊಂಡು, ಕೆಸರು ದಾಟಿಕೊಂಡು ಸಾಲುಮನೆಗಳ ಕಡೆಗೆ ಅವಳ ಹಿಂದೆ ನಡೆದ.

ಅದನ್ನು ನೋಡಿಕೊಂಡು ಮನೆಗೆ ಬಂದೆ. ಊಟ ಮಾಡಿ ಮಲಗಿದೆ. ಕಣ್ಣು ಬಿಟ್ಟಾಗ ಕೋಣೆಯೊಳಗೆ ಬಿಸಿಲು ಬಂದಿತ್ತು, ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಗಲಾಟೆ. ಬಾಗಿಲಲ್ಲಿ ಸರೋಜ ನಿಂತು ಪಕ್ಕದ ಮನೆಯವಳಿಗೆ, ಸನ್ನೆಯಲ್ಲಿ, ಮೆಲ್ಲಗೆ ಮಾತಾಡು ಎಂದು ಹೇಳುತ್ತಿದ್ದಳು.